84 ಮಿಲಿಯನ್ ಡಾಲರ್ ಆಟಗಾರ: ಬಿಟ್ಟುಬಿಡೋದಾ, ಇಟ್ಕೊಳ್ಳೋದಾ?

  ಹಾಕಿ ಅಂದ ತಕ್ಷಣ ನಮಗೆ ಕೊಡಗು ನೆನಪಾಗುತ್ತೆ. ಇವತ್ತಿನದು ಆ ಹಾಕಿ ಅಲ್ಲ, ಐಸ್ ಹಾಕಿ. ಲೀಗ್ ಎನ್‌ಎಚ್‌ಎಲ್, ತಂಡ ಕೆನಡಾದ ಕ್ಯಾಲ್ಗರಿ ಫ್ಲೇಮ್ಸ್. ಆಟ ಗೊತ್ತಿಲ್ದಿದ್ರೂ ಪರ್ವಾಗಿಲ್ಲ, ಇದು ಮುಕ್ಕಾಲು ಭಾಗ ದುಡ್ಡಿನ ಕಥೆ.

2021-22ರಲ್ಲಿ ಜೊನಾಥನ್ ಹ್ಯೂಬರ್ಡೋ ಅನ್ನೋ ಆಟಗಾರ ಫ್ಲೋರಿಡಾ ಪ್ಯಾಂಥರ್ಸ್ ಪರ 115 ಪಾಯಿಂಟ್ ಗಳಿಸಿದ್ದ. ಗೋಲಿಗೆ ಒಂದು, ಗೋಲಿಗೆ ಪಾಸ್ ಕೊಟ್ರೂ ಒಂದು, ಅಷ್ಟೇ ಲೆಕ್ಕ. ಆ ಬೇಸಿಗೆಯಲ್ಲಿ ಕ್ಯಾಲ್ಗರಿ ತನ್ನ ಸ್ಟಾರ್ ಮ್ಯಾಥ್ಯೂ ಕಚಕ್‌ನನ್ನ ಕೊಟ್ಟು ಹ್ಯೂಬರ್ಡೋನನ್ನ ತಂತು. ಅವನು ಕ್ಯಾಲ್ಗರಿ ಜೆರ್ಸಿಯಲ್ಲಿ ಒಂದೂ ಮ್ಯಾಚ್ ಆಡೋ ಮೊದಲೇ ಎಂಟು ವರ್ಷಕ್ಕೆ 84 ಮಿಲಿಯನ್ ಡಾಲರ್ ಒಪ್ಪಂದ ಮಾಡ್ಕೊಂಡ್ರು. ವರ್ಷಕ್ಕೆ ಸರಾಸರಿ 10.5 ಮಿಲಿಯನ್.

ಮುಂದಿನ ಸೀಸನ್ ಅವನ ಪಾಯಿಂಟ್ ಎಷ್ಟು ಗೊತ್ತಾ? 55. ಒಂದೇ ವರ್ಷದಲ್ಲಿ 60 ಇಳಿಕೆ! ಎಲ್ರೂ ಕೋಚ್ ಡ್ಯಾರಿಲ್ ಸಟರ್ ಕಡೆ ಬೆರಳು ತೋರ್ಸಿದ್ರು. ಸಟರ್ ಹೋದ್ರು, ಪಾಯಿಂಟ್ 52ಕ್ಕೆ ಇಳೀತು. ಅತ್ತ ಕಚಕ್ ಇದ್ದ ಫ್ಲೋರಿಡಾ 2024, 2025 ಎರಡೂ ವರ್ಷ ಸ್ಟ್ಯಾನ್ಲಿ ಕಪ್ ಗೆದ್ದಿತು. ಕ್ಯಾಲ್ಗರಿ ಅಭಿಮಾನಿಗಳ ಹೊಟ್ಟೆ ಉರಿ ನನಗೆ ಅರ್ಥ ಆಗುತ್ತೆ, ನಾನೂ ಆರ್‌ಸಿಬಿ ನೋಡ್ಕೊಂಡೇ ಬೆಳೆದವನು.

"ಮಾರಿಬಿಡಿ" ಅನ್ನೋದು ಸುಲಭ. ಐಪಿಎಲ್‌ನಲ್ಲಾದ್ರೆ ಆಟಗಾರನನ್ನ ರಿಲೀಸ್ ಮಾಡಿದ್ರೆ ಅವನ ದುಡ್ಡು ಪರ್ಸ್‌ಗೆ ವಾಪಸ್ ಬರುತ್ತೆ. ಇಲ್ಲಿ ಹಾಗಿಲ್ಲ. ಒಪ್ಪಂದ 2031ರವರೆಗೆ ಇದೆ, 2025-26ರಿಂದ ಲೆಕ್ಕ ಹಾಕಿದ್ರೆ ಆರು ಸೀಸನ್, 63 ಮಿಲಿಯನ್. 2025ರಲ್ಲಿ ಅವನಿಗೆ 32 ತುಂಬಿತು. ಅವನು ಒಪ್ಪದೆ ಬೇರೆ ತಂಡಕ್ಕೆ ಕಳಿಸೋ ಹಾಗೂ ಇಲ್ಲ, ಒಪ್ಪಂದದಲ್ಲೇ ಆ ಷರತ್ತಿದೆ. ಒಪ್ಪಿದ ಅಂತಲೇ ಇಟ್ಕೊಳ್ಳಿ. ತಗೊಳ್ಳೋ ತಂಡ "ಅರ್ಧ ಸಂಬಳ ನೀವೇ ಕಟ್ಟಿ" ಅನ್ನುತ್ತೆ, ಲೀಗ್ ನಿಯಮದಲ್ಲಿ ಅರ್ಧದವರೆಗೆ ಕಟ್ಟೋಕೆ ಅವಕಾಶ ಇದೆ. ಅಂದ್ರೆ ಬೇರೆಯವರ ಪರ ಆಡೋನಿಗೆ ಕ್ಯಾಲ್ಗರಿ ಒಪ್ಪಂದ ಮುಗಿಯೋವರೆಗೂ ವರ್ಷಕ್ಕೆ 5.25 ಮಿಲಿಯನ್ ಕಟ್ತಾನೇ ಇರ್ಬೇಕು!

ಇದೇ ಕ್ಯಾಲ್ಗರಿ 2019ರಲ್ಲಿ ಇಂಥದ್ದೇ ಕೆಲಸ ಮಾಡಿತ್ತು. ಒಂದು ಸೀಸನ್‌ಗೆ ಏಳೇ ಗೋಲ್ ಹೊಡೆದ ಜೇಮ್ಸ್ ನೀಲ್‌ನನ್ನ ಪಕ್ಕದ ಎಡ್ಮಂಟನ್‌ಗೆ ಕೊಟ್ಟು, ಅವರ ತಲೆನೋವಾಗಿದ್ದ ಮಿಲಾನ್ ಲೂಚಿಚ್‌ನನ್ನ ತಂದ್ಕೊಂಡ್ರು. ಒಂದು ಸಾಲ ತೀರ್ಸೋಕೆ ಇನ್ನೊಂದು ಸಾಲ. ಕೊನೆಗೆ ಎಡ್ಮಂಟನ್ ಎರಡೇ ವರ್ಷದಲ್ಲಿ ನೀಲ್ ಒಪ್ಪಂದವನ್ನ ಬೈಔಟ್ ಮಾಡಿ ಕೈ ತೊಳ್ಕೊಳ್ತು.

ಬಿಕಾಂನಲ್ಲಿ ಸಂಕ್ ಕಾಸ್ಟ್ ಅಂತ ಓದಿದ್ವಲ್ಲ: ಹೋದ ದುಡ್ಡನ್ನ ಮುಂದಿನ ನಿರ್ಧಾರದ ಲೆಕ್ಕಕ್ಕೆ ತಗೋಬೇಡಿ ಅಂತ. 84 ಮಿಲಿಯನ್ ಮರೆತು, ಈಗ ಕೈಯಲ್ಲಿ ಏನಿದೆ ನೋಡೋಣ. 2024-25ರ ಸೀಸನ್‌ನಲ್ಲಿ ಹ್ಯೂಬರ್ಡೋ 28 ಗೋಲ್ ಹೊಡೆದ, ಒಟ್ಟು 62 ಪಾಯಿಂಟ್. ತಂಡದಲ್ಲಿ ನಜೆಮ್ ಕದ್ರಿ ಬಿಟ್ರೆ ಇವನೇ ಮುಂದಿದ್ದ. ತಂಡ ಪ್ಲೇಆಫ್ ತಪ್ಪಿಸ್ಕೊಂಡಿದ್ದು ಟೈಬ್ರೇಕರ್‌ನಲ್ಲಿ, ಅಂದ್ರೆ ಕೂದಲೆಳೆ ಅಂತರ. ಜೊತೆಗೆ ಲೀಗ್‌ನ ಸಂಬಳದ ಮಿತಿ ಏರ್ತಾ ಇದೆ. ಈ ಒಪ್ಪಂದ ಶುರುವಾದಾಗ 83.5 ಮಿಲಿಯನ್ ಇತ್ತು, 2027-28ಕ್ಕೆ 113.5 ಆಗುತ್ತೆ. ಅದೇ 10.5 ಮಿಲಿಯನ್ ಆಗ ಬಜೆಟ್‌ನ ಶೇ. 12ಕ್ಕಿಂತ ಜಾಸ್ತಿ ತಿಂತಿತ್ತು, 2027-28ಕ್ಕೆ ಶೇ. 9ರ ಹತ್ತಿರ ಬರುತ್ತೆ.

ಅದಕ್ಕೇ ನಾನಂತೂ ಈಗ ಮಾರಲ್ಲ. ಅರ್ಧ ಸಂಬಳ ಕಟ್ಟಿ ಅಂತೂ ಮಾರೋದೇ ಇಲ್ಲ.

ಸ್ವಲ್ಪ ಪಕ್ಷಪಾತ ಇದೆ, ಒಪ್ಕೋತೀನಿ. ನನ್ನ ಮೊದಲ ಕೆಲಸದಲ್ಲಿ ಒಳ್ಳೆ ಪ್ಯಾಕೇಜ್ ಕೊಟ್ಟು ಆಡಿಟ್‌ಗೆ ಅಂತ ಕರ್ದು ಸೇಲ್ಸ್‌ನಲ್ಲಿ ಕೂರ್ಸಿದ್ರು. ಆರು ತಿಂಗಳಿಗೆ ಮೀಟಿಂಗ್ ರೂಮಲ್ಲಿ ನನ್ನ ಸಂಬಳವನ್ನ ನನ್ನ ಮುಂದೇನೇ ಓದಿ, "ಇಷ್ಟಕ್ಕೆ ಇಷ್ಟೇನಾ?" ಅಂದಿದ್ರು. ಹ್ಯೂಬರ್ಡೋನ ಸಂಬಳವನ್ನ ಮೂರು ವರ್ಷದಿಂದ ಇಡೀ ಊರೇ ಓದ್ತಾ ಇದೆ. ಆದ್ರೆ ಒಂದು ಮಾತು: ಪೆನ್ ಹಿಡಿದು ಕೊಟ್ಟಿದ್ದು ಕ್ಯಾಲ್ಗರಿ, ಅವನು ಸಹಿ ಹಾಕ್ದ ಅಷ್ಟೇ.

ಮುಂದೆ ಹೊಸ ಸೀಸನ್ ಇದೆ. ಮೊದಲ ಇಪ್ಪತ್ತು ಮ್ಯಾಚ್‌ನಲ್ಲಿ ಅವನು ಮತ್ತೆ ಕುಸಿದ್ರೆ ಇದೇ ಮೈಕ್ ಮುಂದೆ ಕೂತು ನನ್ನ ಲೆಕ್ಕ ತಿದ್ಕೋತೀನಿ. ಒಪ್ಪಲ್ಲ ಅನ್ನೋರು ಈಗಲೇ ವಾಯ್ಸ್ ನೋಟ್ ಕಳ್ಸಿ, ಒಂದು ನಿಮಿಷದ ಒಳಗೆ ಪ್ಲೀಸ್.