ಪರಊರಿನ ಗೋಲಿಗೆ ಎರಡು ತೂಕವೇಕೆ?

(ಶಿರಸಿಯಲ್ಲಿ ಮೂರು ತಾಲೂಕಿನ ಆಟಗಾರರ ಮುಂದೆ ಆಡಿದ ಮಾತು)



ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನ ತರುಣರು ಫುಟ್‌ಬಾಲ್ ಪಂದ್ಯ ಹೂಡಬೇಕೆಂದಿದ್ದಾರೆ. ಒಂದು ಆಟ ನಿಮ್ಮೂರಲ್ಲಿ, ಒಂದು ನಮ್ಮೂರಲ್ಲಿ. ಎರಡರ ಗೋಲು ಕೂಡಿಸಿ ಹೆಚ್ಚು ಹೊಡೆದವರು ಮುಂದಕ್ಕೆ. ಇಲ್ಲಿಯ ತನಕ ಎಲ್ಲರಿಗೂ ಒಪ್ಪಿಗೆ. ಕೂಡಿಸಿದ ಲೆಕ್ಕ ಸಮವಾದರೆ ಏನು ಮಾಡುವುದು ಎಂಬಲ್ಲಿ ಜಗಳ ಹುಟ್ಟಿದೆ. ಪರಊರಿಗೆ ಹೋಗಿ ಹೆಚ್ಚು ಗೋಲು ಹೊಡೆದವನೇ ಗೆದ್ದಂತೆ ಎಂದು ಒಂದು ಪಕ್ಷ. ಅದು ಅನ್ಯಾಯವೆಂದು ಇನ್ನೊಂದು. ನನ್ನನ್ನು ಇಲ್ಲಿ ನಿಲ್ಲಿಸಿದ್ದು ಈ ಜಗಳವನ್ನು ಬಿಡಿಸುವುದಕ್ಕೆ.

ಮೊದಲು ನಿಯಮವನ್ನು ಅರ್ಥಮಾಡಿಕೊಳ್ಳೋಣ. ಸಿದ್ದಾಪುರದಲ್ಲಿ ಸಿದ್ದಾಪುರದವರು 2–1ರಿಂದ ಗೆದ್ದರು ಎನ್ನಿ. ಶಿರಸಿಯಲ್ಲಿ ಶಿರಸಿಯವರು 1–0 ಗೆದ್ದರು. ಕೂಡಿಸಿದರೆ ಇಬ್ಬರಿಗೂ ಎರಡೆರಡು. ಆದರೆ ಶಿರಸಿಯವರು ಸಿದ್ದಾಪುರದಲ್ಲಿ ಒಂದು ಹೊಡೆದಿದ್ದಾರೆ, ಸಿದ್ದಾಪುರದವರು ಶಿರಸಿಯಲ್ಲಿ ಒಂದೂ ಹೊಡೆದಿಲ್ಲ. ಆದ್ದರಿಂದ ಶಿರಸಿಗೆ ಜಯ. ಪರಸ್ಥಳದ ಗೋಲಿನ ನಿಯಮವೆಂದರೆ ಇಷ್ಟೇ.

ಇದನ್ನು ಯಾರೋ ಹುಚ್ಚರು ಕೂತು ಮಾಡಲಿಲ್ಲ, ಕಾರಣವಿತ್ತು. ಆ ಕಾಲಕ್ಕೆ ಯುರೋಪಿನಲ್ಲಿ ಲೆಕ್ಕ ಸಮವಾದರೆ ಮೂರನೆಯ ಊರಿನಲ್ಲಿ ಮೂರನೆಯ ಆಟ ಆಡಿಸುತ್ತಿದ್ದರು. ಅದೂ ಸಮವಾದರೆ ಚೀಟಿಯೋ ನಾಣ್ಯವೋ ಗತಿ. 1965ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್, ಜರ್ಮನಿಯ ಕೊಲೋನ್ ತಂಡಗಳು ಎರಡು ಆಟದಲ್ಲಿಯೂ ಒಂದೂ ಗೋಲಿಲ್ಲದೆ ಮುಗಿಸಿ, ರಾಟರ್‌ಡ್ಯಾಮಿನಲ್ಲಿ ಮೂರನೆಯದನ್ನು ಆಡಿ 2–2 ಮಾಡಿಕೊಂಡವು. ಕಡೆಗೆ ಬಿಲ್ಲೆ ಚಿಮ್ಮಿದರೆ ಅದು ಕೆಸರಿನಲ್ಲಿ ನೆಟ್ಟಗೆ ಸಿಕ್ಕಿಕೊಂಡಿತು! ಎರಡನೆಯ ಸಲ ಚಿಮ್ಮಿದಾಗ ಲಿವರ್‌ಪೂಲ್ ಗೆದ್ದಿತು. ಮೂರು ದಿನ ಬೆವರು ಸುರಿಸಿದವರ ಹಣೆಬರಹವನ್ನು ಒಂದು ಬಿಲ್ಲೆ ಬರೆಯಿತು. ಇಂಥದರಿಂದ ಬೇಸತ್ತು 1965–66ರ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಪರಸ್ಥಳದ ಗೋಲಿನ ನಿಯಮ ತಂದರು. ಬುಡಾಪೆಸ್ಟಿನ ಹಾನ್ವೆಡ್ ತಂಡ ಪ್ರಾಗಿನ ಡುಕ್ಲಾದ ಮೇಲೆ ಇದರಿಂದಲೇ ಪಾರಾಯಿತು: ಪ್ರಾಗಿನಲ್ಲಿ 3–2 ಗೆಲುವು, ಬುಡಾಪೆಸ್ಟಿನಲ್ಲಿ 1–2 ಸೋಲು, ಒಟ್ಟು 4–4.

ಆಗ ಪರಊರಿಗೆ ಹೋಗುವುದೆಂದರೆ ನಿಜವಾಗಿ ಪರದೇಶಕ್ಕೆ ಹೋದ ಹಾಗೆ. ದೂರದ ಪಯಣ, ಗೊತ್ತಿಲ್ಲದ ಮೈದಾನ, ಬೆನ್ನಿಗೆ ಕೂಗುವ ಜನ. ಅಲ್ಲಿ ಹೊಡೆದ ಗೋಲು ಕಷ್ಟದ ಗೋಲು, ಅದಕ್ಕೆ ತೂಕ ಹೆಚ್ಚಿರಲಿ ಎಂಬ ವಾದವನ್ನು ನಾನು ತೆಗೆದುಹಾಕುವುದಿಲ್ಲ. ಹೋದವರು ಬಾಗಿಲು ಹಾಕಿಕೊಂಡು ಗೋಲುಕಂಬದ ಮುಂದೆ ಹತ್ತು ಮಂದಿ ನಿಲ್ಲುವುದನ್ನು ಬಿಟ್ಟು ಮುಂದೆ ನುಗ್ಗಲಿ ಎಂಬ ಆಸೆಯೂ ಇತ್ತು.

ಆಮೇಲೆ ಆದದ್ದೇನು? ಪರಊರಿನವನು ಧೈರ್ಯಗೊಂಡದ್ದಕ್ಕಿಂತ ಮನೆಯವನು ಅಂಜಿದ್ದೇ ಹೆಚ್ಚಾಯಿತು. ಮೊದಲ ಆಟದಲ್ಲಿ ನಾವು ನಾಲ್ಕು ಹೊಡೆಯದಿದ್ದರೂ ಚಿಂತೆಯಿಲ್ಲ, ಅವರಿಗೆ ಒಂದು ಸಿಗಬಾರದು ಎಂದು ಸ್ವಂತ ಅಂಗಳದಲ್ಲಿಯೇ ಹೆದರಿ ಆಡತೊಡಗಿದರು. ನಡುವೆ ಪಯಣವೂ ಸುಲಭವಾಯಿತು, ಮೈದಾನಗಳೆಲ್ಲ ಒಂದೇ ಅಚ್ಚಿಗೆ ಬಂದವು. ಯುರೋಪಿನ ಒಕ್ಕೂಟದ ಅಂಕಿಗಳನ್ನೇ ಕೇಳಿ: 1970ರ ದಶಕದ ನಡುವಿನಲ್ಲಿ ನೂರಕ್ಕೆ 61 ಆಟ ಮನೆಯವರದು, 19 ಹೋದವರದು, ಈಚೆಗೆ ಅದು 47 ಮತ್ತು 30ಕ್ಕೆ ಬಂತು. ಆ ಲೆಕ್ಕ ನೋಡಿಯೇ 2021ರ ಜೂನಿನಲ್ಲಿ ಅವರು ನಿಯಮವನ್ನು ಕೈಬಿಟ್ಟರು.

ನಿಯಮದಲ್ಲಿ ಹಾಸ್ಯವೂ ಇತ್ತು. ಇಟಲಿಯ ಮಿಲಾನ್ ಮತ್ತು ಇಂಟರ್ ತಂಡಗಳಿಗೆ ಇರುವುದು ಒಂದೇ ಮೈದಾನ. 2003ರಲ್ಲಿ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ಲಿನ ಎರಡೂ ಆಟ ಅಲ್ಲಿಯೇ ನಡೆದವು, 0–0, 1–1. ಎರಡನೆಯದು ಕಾಗದದ ಮೇಲೆ ಇಂಟರಿನ ಮನೆಯಾಟವಾದ್ದರಿಂದ ಮಿಲಾನ್ ತನ್ನದೇ ಮೈದಾನದಲ್ಲಿ ಹೊಡೆದ ಗೋಲು ಪರಊರಿನ ಗೋಲಾಗಿ ಫೈನಲಿಗೆ ಹೋಯಿತು. ಹಿತ್ತಲಿಗೆ ಹೋಗಿ ಬಂದವನು ಕಾಶೀಯಾತ್ರೆ ಮಾಡಿದೆನೆಂದು ಹೇಳಿದ ಹಾಗೆ.

ಈಗ ನಮ್ಮ ನಾಡಿನ ಮಾತು. 2016ರಲ್ಲಿ ಬೆಂಗಳೂರು ಎಫ್‌ಸಿ ಏಷ್ಯಾದ ಎಎಫ್‌ಸಿ ಕಪ್ಪಿನ ಸೆಮಿಫೈನಲ್ಲಿನಲ್ಲಿ ಮಲೇಶಿಯದ ಜೋಹೊರ್ ತಂಡದೊಡನೆ ಅಲ್ಲಿ 1–1 ಮಾಡಿಕೊಂಡು ಬಂತು. ನಿಯಮದಂತೆ ಕಂಠೀರವ ಕ್ರೀಡಾಂಗಣದಲ್ಲಿ ಒಂದೂ ಗೋಲಾಗದಿದ್ದರೆ ನಮ್ಮವರೇ ಪಾರು. ಹಾಗೆ ಕೂರಲು ಅವಕಾಶವೇ ಆಗಲಿಲ್ಲ. ಜೋಹೊರ್ ಮೊದಲು ಹೊಡೆಯಿತು. ಛೆಟ್ರಿ ಎರಡು, ಹ್ವಾನನ್ ಒಂದು ಹೊಡೆದು 3–1 ಆಯಿತು. ಭಾರತದ ತಂಡವೊಂದು ಆ ಫೈನಲನ್ನು ಮೊದಲ ಸಲ ಮುಟ್ಟಿದ್ದು ಅಂದೇ. ತೂಕದ ಬಟ್ಟಿನ ಗೊಡವೆಯಿಲ್ಲದೆ ಗೆದ್ದ ಗೆಲುವು, ಅದರ ಸೊಗಸೇ ಬೇರೆ.

2023ರ ಮಾರ್ಚಿನ ಆಟ ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು. ಇಂಡಿಯನ್ ಸೂಪರ್ ಲೀಗಿನ ಸೆಮಿಫೈನಲ್ಲು. ಮುಂಬಯಿಯಲ್ಲಿ ಛೆಟ್ರಿಯ ಗೋಲಿನಿಂದ ಬೆಂಗಳೂರು 1–0 ಗೆದ್ದಿತು. ಬೆಂಗಳೂರಿನಲ್ಲಿ ಮುಂಬಯಿ ಸಿಟಿ 2–1 ಗೆದ್ದಿತು. ಒಟ್ಟು 2–2. ಈಗ ಬೆರಳಲ್ಲಿ ಎಣಿಸಿ: ಬೆಂಗಳೂರು ಪರಊರಿನಲ್ಲಿ ಹೊಡೆದದ್ದು ಒಂದು, ಮುಂಬಯಿ ಪರಊರಿನಲ್ಲಿ ಹೊಡೆದದ್ದು ಎರಡು. ಹಳೆಯ ನಿಯಮವಿದ್ದರೆ ಆಟ ಮುಗಿದ ಗಳಿಗೆಗೇ ಮುಂಬಯಿ ಗೆದ್ದಂತೆ. ನಿಯಮ ಇರಲಿಲ್ಲ. ಹೆಚ್ಚಿನ ಅರ್ಧ ತಾಸು ಆಡಿ, ಅಲ್ಲಿಯೂ ತೀರದೆ ಪೆನಾಲ್ಟಿಗೆ ಬಂದು, ಗೋಲಿ ಗುರುಪ್ರೀತ್ ಒಂದನ್ನು ತಡೆದು, ಝಿಂಗನ್ ಹೊಡೆದು 9–8ರಿಂದ ಬೆಂಗಳೂರು ಪಾರಾಯಿತು.

ನಮ್ಮವರು ಗೆದ್ದರೆಂದು ಈ ಪದ್ಧತಿಯೇ ಸರಿ ಎನ್ನುವುದು ನ್ಯಾಯವಲ್ಲ. ಆರು ದಿನ ಬಿಟ್ಟು ಫತೋರ್ಡಾದಲ್ಲಿ ಮೋಹನ್ ಬಾಗಾನಿನೆದುರು ಫೈನಲ್ ಅದೇ 2–2 ಆಗಿ, ಅದೇ ಪೆನಾಲ್ಟಿಯಲ್ಲಿ 3–4ರಿಂದ ಬೆಂಗಳೂರು ಸೋತಿತು. ಕೊಟ್ಟ ತಕ್ಕಡಿಯೇ ಕಸಿಯಿತು. ಆದರೂ ಅಲ್ಲಿ ಇಬ್ಬರಿಗೂ ಒಂದೇ ದೂರ, ಒಂದೇ ಕಂಬ, ಒಂದೇ ಚೆಂಡು. ಪೆನಾಲ್ಟಿ ಜೂಜು ಎನ್ನುವವರಿಗೆ ನಾನು ಕೇಳುವುದು ಇಷ್ಟು: ಕಾಲಿನಿಂದ ಒದೆಯುವುದು, ಕೈಯಿಂದ ತಡೆಯುವುದು ಆಟವಲ್ಲದೆ ಮತ್ತೇನು?

ಇಲ್ಲಿ ಅಡಿಕೆ ವ್ಯಾಪಾರದವರು ಕೂತಿದ್ದೀರಿ. ಕ್ವಿಂಟಲ್ ಅಡಿಕೆಯನ್ನು ಶಿರಸಿಯಲ್ಲಿ ತೂಗಿದರೂ ಕ್ವಿಂಟಲ್, ಯಲ್ಲಾಪುರದಲ್ಲಿ ತೂಗಿದರೂ ಕ್ವಿಂಟಲ್. ಘಟ್ಟ ಹತ್ತಿಸಿ ತಂದೆನೆಂದು ನೂರಿಪ್ಪತ್ತು ಕಿಲೋ ಬರೆಯಿರಿ ಎಂದರೆ ಬರೆಯುತ್ತೀರಾ? ಸಾಗಿಸಿದ ಖರ್ಚನ್ನು ಬೇರೆ ಕೇಳಬಹುದು, ತಕ್ಕಡಿಯನ್ನು ಮುಟ್ಟಬಾರದು.

ಸಿದ್ದಾಪುರದಿಂದ ಶಿರಸಿಗೆ ಬರುವುದೇನು ಪ್ರಾಗಿನಿಂದ ಬುಡಾಪೆಸ್ಟಿಗೆ ಹೋದ ಹಾಗಲ್ಲ. ಮನೆಯವನಿಗೆ ಇಲ್ಲಿ ಸಿಗುವ ಲಾಭ ಎರಡು: ಕೂಗುವ ಜನ, ತಮ್ಮೂರ ರೆಫರಿ. ಜನರ ಬಾಯಿ ಕಟ್ಟಲಾಗದು, ಕಟ್ಟಲೂಬಾರದು. ರೆಫರಿಯನ್ನು ಬದಲಿಸಬಹುದು. ಶಿರಸಿ–ಸಿದ್ದಾಪುರದ ಆಟಕ್ಕೆ ಯಲ್ಲಾಪುರದವನು ಸೀಟಿ ಊದಲಿ; ಯಲ್ಲಾಪುರ ಆಡುವಾಗ ಉಳಿದ ಊರಿನವನು. ರೋಗ ರೆಫರಿಯಲ್ಲಿದ್ದರೆ ಗೋಲಿಗೆ ಔಷಧ ಕೊಟ್ಟು ಏನು ಫಲ?

ಇನ್ನು ಸಮವಾದಾಗಿನ ಮಾತು. ಮೂರನೆಯ ಆಟ ಬೇಡವೇ ಬೇಡ. ಗಿರಣಿಯ ಪಾಳಿ ಬಿಟ್ಟು ಬರುವವನಿಗೆ ಮತ್ತೊಂದು ದಿನದ ಕೂಲಿ ಹೋಗುತ್ತದೆ, ಅಂಗಡಿಯವನಿಗೆ ಮತ್ತೊಂದು ದಿನ ಬಾಗಿಲು. ಹೆಚ್ಚಿನ ಅರ್ಧ ತಾಸೂ ನನಗೆ ಒಪ್ಪಿಗೆಯಿಲ್ಲ. ಅದು ಎರಡನೆಯ ಆಟ ಯಾರ ಊರಲ್ಲಿದೆಯೋ ಅವರ ಊರಲ್ಲಿಯೇ ನಡೆಯುವುದು, ಅಷ್ಟು ಹೊತ್ತು ಅವರಿಗೇ ಹೆಚ್ಚು ಲಾಭ. ಅದರ ಮೇಲೆ ಪರಸ್ಥಳದ ಗೋಲಿನ ನಿಯಮವನ್ನೂ ಇಟ್ಟರೆ ಬಂದವರಿಗೆ ಭಾರದ ಗೋಲು ಹೊಡೆಯಲು 120 ನಿಮಿಷ, ಇನ್ನೊಬ್ಬರಿಗೆ 90 ಮಾತ್ರ; ಹೇಗೆ ತಿರುಗಿಸಿದರೂ ಒಬ್ಬರಿಗೆ ಕೊರತೆ. ಕತ್ತಲೆಯೂ ಆಗುತ್ತದೆ, ಕಡೆಯ ಬಸ್ಸೂ ತಪ್ಪುತ್ತದೆ. ದಕ್ಷಿಣ ಅಮೆರಿಕದ ಲಿಬರ್ತಡೋರೆಸ್ ಪಂದ್ಯಗಳಲ್ಲಿ ಫೈನಲೊಂದನ್ನು ಬಿಟ್ಟು ಉಳಿದ ಸುತ್ತುಗಳಲ್ಲಿ ಎರಡು ಆಟದ ಲೆಕ್ಕ ಸಮವಾದರೆ ನೇರವಾಗಿ ಪೆನಾಲ್ಟಿಗೆ ಹೋಗುತ್ತಾರೆ. ನಾವೂ ಹಾಗೆಯೇ ಮಾಡೋಣ.

ಪೆನಾಲ್ಟಿ ಯಾವ ಕಂಬದಲ್ಲಿ, ಮೊದಲು ಯಾರು ಒದೆಯಬೇಕು ಎಂಬುದಕ್ಕೆ ನಾಣ್ಯ ಚಿಮ್ಮಿದರೆ ಸಾಕು. ಮಳೆಗಾಲವಾದರೆ ಕೆಸರಿಲ್ಲದ ಕಡೆ ಚಿಮ್ಮಿ. ಸೀಟಿ ಊದಲು ಬರುವವನ ಬಸ್ಸಿನ ಖರ್ಚು, ಊಟದ ಖರ್ಚು ಎರಡೂ ತಂಡದ ಡಬ್ಬಿಯಿಂದ ಅರ್ಧರ್ಧ ಹೋಗಲಿ. ಒಂದೇ ತಂಡ ಊಟ ಹಾಕಿಸಿದರೆ ಮತ್ತೆ ಇಲ್ಲಿ ಸಭೆ ಸೇರಬೇಕಾಗುತ್ತದೆ.