ಅಂಬಲಿಯ ಗಡಿಗೆ

ಶರಣ ಬಂಧುಗಳೆ, ತುಕ್ಕಾನಟ್ಟಿಯ ತಾಯಂದಿರೆ,

ಮಾದಾರ ಚೆನ್ನಯ್ಯನವರ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಚೋಳ ಅರಸನ ಮೃಷ್ಟಾನ್ನವನ್ನು ಬಿಟ್ಟು, ಅವನ ಕುದುರೆಗಳಿಗೆ ಹುಲ್ಲು ತರುವ ಚೆನ್ನಯ್ಯನವರ ಅಂಬಲಿಯನ್ನು ಶಿವನು ಸವಿದನೆಂಬುದು ಆ ಕಥೆ. ಕೇಳುವಾಗ ತಲೆದೂಗುತ್ತೇವೆ, ಮನೆಗೆ ಬೀಗರು ಬಂದರೆ ಅಂಬಲಿಯ ಗಡಿಗೆಯನ್ನು ಮರೆಗೆ ಸರಿಸುತ್ತೇವೆ. ಇದೆಂಥ ನಾಚಿಕೆ?

ಅಂಬಲಿಯೆಂದರೆ ಬಡವರು ಹೊಟ್ಟೆ ತುಂಬಿಸಿಕೊಳ್ಳುವ ಉಪಾಯವಷ್ಟೇ ಎಂದು ತಿಳಿಯಬೇಡಿ. ಆ ಗಡಿಗೆಯೊಳಗೂ ಒಂದು ಕಾಯಕ ನಡೆಯುತ್ತದೆ. ಜೋಳದ ಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕದಡಿ, ನಿನ್ನೆಯ ಹುಳಿಹಿಟ್ಟು ಒಂದಿಷ್ಟು ಕೂಡಿಸಿ, ಗಡಿಗೆಯ ಬಾಯಿಗೆ ಅರಿವೆ ಕಟ್ಟಿ ಇಡುತ್ತೀರಿ. ಮನೆಯವರೆಲ್ಲ ಮಲಗಿದಾಗ ಕಣ್ಣಿಗೆ ಕಾಣದ ಜೀವಿಗಳು ದುಡಿಯತೊಡಗುತ್ತವೆ. ಹಾಲನ್ನು ಮೊಸರು ಮಾಡುವವುಗಳ ಬಳಗವೇ ಅದು. ಹಿಟ್ಟಿನೊಳಗಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ. ಆ ಹುಳಿಯಲ್ಲಿ ಕೊಳೆಸುವ ಜೀವಿಗಳು ಬೆಳೆಯುವುದು ಕಷ್ಟ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದುಂಟು. ಜೋಳದಲ್ಲಿ ಕಬ್ಬಿಣದ ಅಂಶವಿದೆ. ಆದರೆ ಅದರಲ್ಲಿಯೇ ಇರುವ ಫೈಟಿಕ್ ಆಮ್ಲವು ಅದನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಗೊಡುವುದಿಲ್ಲ. ಹುಳಿ ಬಂದಂತೆ ಆ ಹಿಡಿತ ಸಡಿಲಾಗುತ್ತದೆ. ಬಸುರಿ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆಯೆಂದು ವೈದ್ಯರು ಹೇಳುತ್ತಿರುವಾಗ, ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ತೌಡನ್ನು ಎಮ್ಮೆಗೆ ಹಾಕುವುದು ಯಾವ ಜಾಣತನ? ಎಮ್ಮೆ ಕೊಬ್ಬುತ್ತದೆ, ತಾಯಿ ಸೊರಗುತ್ತಾಳೆ! ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡಿರೆಂದು ನಾವು ಹೇಳುತ್ತಿಲ್ಲ; ಅದನ್ನೂ ತಪ್ಪದೆ ನುಂಗಿರಿ.

ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು. ಚಳಿಗಾಲದಲ್ಲಿ ಇನ್ನಷ್ಟು ಹೊತ್ತು ಬೇಕು. ಹುಳಿ ವಾಸನೆ ಸರಿ. ಕೊಳೆತ ವಾಸನೆ ಬಂದರೆ, ಬೂಷ್ಟು ಹಿಡಿದರೆ, ಚೆಲ್ಲಿಬಿಡಿರಿ. ಕೆಟ್ಟದ್ದನ್ನು ಪ್ರಸಾದವೆಂದು ಕುಡಿಯುವುದು ಭಕ್ತಿಯಲ್ಲ. ಕಲಾಯಿ ಹೋದ ತಾಮ್ರ, ಹಿತ್ತಾಳೆಯಲ್ಲಿ ಹುಳಿ ಇಡಲೇಬಾರದು. ಬೆಳಿಗ್ಗೆ ಚೆನ್ನಾಗಿ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಜೀರಿಗೆ, ಬಳ್ಳೊಳ್ಳಿ ಕೂಡಿಸಿ, ಹಸಿ ಉಳ್ಳಾಗಡ್ಡಿ ಕಡಿಯುತ್ತ ಕುಡಿದರೆ, ಬಿಸಿಲಲ್ಲಿ ಕಬ್ಬು ಕಡಿಯುವವನಿಗೆ ಬೇರೆ ತಂಪು ಯಾಕೆ ಬೇಕು?

ಕಬ್ಬಿನ ಮಾತು ಬಂತು. ಘಟಪ್ರಭೆಯ ಕಾಲುವೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಕಬ್ಬು, ಗೋವಿನಜೋಳ ಹಬ್ಬಿದವು. ಜೋಳ ಹಿಂದೆ ಸರಿಯಿತು. ಕಬ್ಬು ಬೆಳೆಯಬೇಡಿರೆನ್ನಲು ನಾವು ಯಾರು? ಹೊಲ ನಿಮ್ಮದು, ಸಾಲವೂ ನಿಮ್ಮದು. ಆದರೆ ವಿಶ್ವಸಂಸ್ಥೆ 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಆ ಸಾಲಿನಲ್ಲಿ ನಮ್ಮ ಜೋಳವೂ ಇತ್ತು. ನಿಮ್ಮೂರಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಹಿಂಗಾರಿಗೆ ಮನೆಯ ಮಟ್ಟಿಗೆ ನಾಲ್ಕು ಗುಂಟೆ ಬಿಳಿಜೋಳ ಬಿತ್ತುವುದು ಹೇಗೆಂದು ಅಲ್ಲಿ ಹೋಗಿ ಕೇಳಿರಿ.

ಮುಂದಿನ ಅಮಾವಾಸ್ಯೆಯ ದಾಸೋಹದಲ್ಲಿ ಹುಗ್ಗಿಗಿಂತ ಮೊದಲು ಅಂಬಲಿ ಬಡಿಸಲು ಹೇಳಿದ್ದೇವೆ. ಹಿಟ್ಟು ತರುವ ತಾಯಂದಿರು ಜರಡಿ ಹಿಡಿಯದೆ ತನ್ನಿರಿ.