ಎಣ್ಣೆಗೆ ಉಳಿದ ಕುಸುಬಿ, ಬಣ್ಣಕ್ಕೆ ಮರೆತ ಹೂವು

(ವಿಜಯಪುರದ ಗಾಂಧಿ ಚೌಕದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಚೌಕದಿಂದ ತಿಕೋಟಾ ಕಡೆಗೆ ಹೋಗಿ, ಬಬಲೇಶ್ವರದ ಕಡೆಗೆ ಹೋಗಿ, ಕಾಣುವುದು ಎರಿ ಹೊಲ. ಹಿಂಗಾರಿ ಜೋಳದ ನಡುವೆ ಅಕ್ಕಡಿ ಸಾಲಾಗಿ, ದನ ನುಗ್ಗದಂತೆ ಹೊಲದ ಅಂಚಿಗೆ ಮುಳ್ಳಿನ ಬೇಲಿಯಾಗಿ ಕುಸುಬಿ ಹಾಕುವುದು ನಮ್ಮ ಹಳೆಯ ರೂಢಿ. ಎಳೆಯ ತಪ್ಪಲಿನ ಪಲ್ಯ, ಬೀಜದ ಹಾಲಿನ ಹುಗ್ಗಿ, ಗಾಣದ ಎಣ್ಣೆ, ದನಕ್ಕೆ ಹಿಂಡಿ, ಇವೆಲ್ಲ ನಮಗೆ ಗೊತ್ತು. ಹೂವಿನ ಉಪಯೋಗ ಮಾತ್ರ ಮರೆತುಹೋಗಿದೆ. ಸಂಸ್ಕೃತದಲ್ಲಿ 'ಕುಸುಂಭ'ವೆನಿಸಿದ ಈ ಗಿಡ ಹಿಂದೆ ಜಗತ್ತಿನ ಹಲವೆಡೆ ಬೆಳೆದದ್ದು ಮುಖ್ಯವಾಗಿ ಬಣ್ಣಕ್ಕಾಗಿ. ಪ್ರಾಚೀನ ಈಜಿಪ್ಟಿನ ಬಟ್ಟೆಗಳಲ್ಲಿ ಈ ಬಣ್ಣ ಸಿಕ್ಕಿದೆ. ಜಪಾನಿನ ಯಾಮಾಗಾಟ ಪ್ರದೇಶ ಇದರ ಕೆಂಪಿಗೇ ಹೆಸರಾಯಿತು. ಅಲ್ಲಿನ ಹೆಂಗಸರು ಅದನ್ನು ತುಟಿಗೂ ಹಚ್ಚಿಕೊಳ್ಳುತ್ತಿದ್ದರು.

ಒಂದೇ ಹೂವಿನಲ್ಲಿ ಎರಡು ಬಣ್ಣಗಳಿರುವುದು ಕುಸುಬಿಯ ವಿಶೇಷ. ಎಸಳನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಿದರೆ ಹಳದಿ ಇಳಿಯುತ್ತದೆ. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಉಳಿದ ಎಸಳನ್ನು ಬೂದಿನೀರಿನಲ್ಲಿ ಕಿವುಚಿದರೆ, ನೀರಿಗೆ ಬಿಡದೆ ಕುಳಿತಿದ್ದ ಕೆಂಪು ಕ್ಷಾರಕ್ಕೆ ಕರಗಿ ಹೊರಬರುತ್ತದೆ. ಆ ರಸಕ್ಕೆ ನಿಂಬೆ ಇಲ್ಲವೆ ಹುಣಸೆಯ ಹುಳಿ ಬೆರೆಸಿ ಹತ್ತಿ ಬಟ್ಟೆ ಅದ್ದಿದರೆ ಕೆಂಪು ನೂಲನ್ನು ಹಿಡಿಯುತ್ತದೆ. ಇದಕ್ಕೆ ಪಟಿಕವೂ ಬೇಡ, ಒಲೆಯೂ ಬೇಡ. ಒಮ್ಮೆ ಅದ್ದಿದರೆ ತೆಳು ಗುಲಾಬಿ, ಹಲವು ಸಲ ಅದ್ದಿದರೆ ಗಾಢ ಕೆಂಪು. ಈ ಕೆಂಪಿನ ವಸ್ತುವಿಗೆ ರಸಾಯನ ಶಾಸ್ತ್ರಜ್ಞರು ಇಟ್ಟ ಹೆಸರು ಕಾರ್ಥಮಿನ್. ಎಸಳಿನಲ್ಲಿ ಹಳದಿಯೇ ಹೆಚ್ಚು, ಕೆಂಪು ಬಹಳ ಕಡಿಮೆ. ಅದಕ್ಕೇ ಆ ಕೆಂಪಿಗೆ ಅಷ್ಟು ಬೆಲೆ.

ಹಾಗಾದರೆ ಈ ಬಣ್ಣ ಏಕೆ ಹೋಯಿತು? ಇದಕ್ಕೆ ಬಾಳಿಕೆ ಕಡಿಮೆ. ಬಿಸಿಲಿಗೆ ಮಾಸುತ್ತದೆ, ಸೋಪಿನ ಕ್ಷಾರಕ್ಕೆ ಬಿಡುತ್ತದೆ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕಲ್ಲಿದ್ದಲ ಡಾಂಬರಿನ ವಸ್ತುವಿನಿಂದ ನೇರಳೆ ಬಣ್ಣ ತೆಗೆದ. ಅದರ ಬೆನ್ನಿಗೇ ಬಂದ ಅಗ್ಗದ ಕೃತಕ ಬಣ್ಣಗಳ ಮುಂದೆ ಹೂವಿನ ಬಣ್ಣ ನಿಲ್ಲಲಿಲ್ಲ.

ಈಗ ಬೆಳೆಯೇ ಹಿಂದೆ ಸರಿಯುತ್ತಿದೆ. ಮುಳ್ಳಿನ ಕೊಯ್ಲಿಗೆ ಆಳು ಸಿಗುವುದು ಕಷ್ಟ, ಸಸ್ಯಹೇನಿನ ಕಾಟ ಬೇರೆ. ಪೇಟೆಯಲ್ಲಿ ಅಗ್ಗದ ಪಾಮ್ ಎಣ್ಣೆ ಇದೆ. ರೈತರು ಕಡಲೆ, ತೊಗರಿಯತ್ತ ಹೊರಳಿದ್ದಾರೆ. ಇಂಥ ಹೊತ್ತಿನಲ್ಲಿ ಹೂವಿನಿಂದ ನಾಲ್ಕು ಕಾಸು ಬಂದರೆ ರೈತನಿಗೆ ಅದೂ ಆಸರೆಯೇ. ಪರಾಗಸ್ಪರ್ಶ ಮುಗಿದು ಬಾಡತೊಡಗಿದ ಎಸಳನ್ನು ಕಿತ್ತರೆ ಬೀಜಕ್ಕೆ ನಷ್ಟವಿಲ್ಲ. ಮುಳ್ಳಿನ ತೊಡಕಿಗೂ ದಾರಿಯಿದೆ: ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಮುಳ್ಳಿಲ್ಲದ 'ನಾರಿ-6' ತಳಿಯನ್ನು ಬೆಳಕಿಗೆ ತಂದಿದೆ. ಒಣಗಿಸಿದ ಎಸಳು ತಿನಿಸಿನ ಬಣ್ಣಕ್ಕೆ, ಚಹಾಕ್ಕೆ ಬಳಕೆಯಾಗುತ್ತದೆ.

ಎರಡು ಎಚ್ಚರಿಕೆಯ ಮಾತು. ಚೀನಾದ ವೈದ್ಯದಲ್ಲಿ ಈ ಹೂವು ರಕ್ತ ಸಂಚಾರಕ್ಕೆ ಮದ್ದು. ಆದುದರಿಂದ ಗರ್ಭಿಣಿಯರು ಇದನ್ನು ಔಷಧಿಯಾಗಿ ತೆಗೆದುಕೊಳ್ಳಬಾರದು. ಇನ್ನು, ಇದೇ ಎಸಳನ್ನು ಕೇಸರಿಯೆಂದು ಮಾರುವವರಿದ್ದಾರೆ, ಮೋಸಹೋಗಬೇಡಿ.

ಕುಸುಬಿಯನ್ನು ಎಲ್ಲ ಬಟ್ಟೆಗೂ ಬಳಸಿ ಎಂದು ನಾನು ಹೇಳುವುದಿಲ್ಲ. ಮಾಸುವ ಬಣ್ಣವನ್ನು ಮಾಸದ ಬಣ್ಣವೆಂದು ಮಾರಿದರೆ ನಂಬಿಕೆಯೇ ಮಾಸೀತು. ಆದರೆ ತಣ್ಣೀರು, ಬೂದಿ, ಹುಳಿ, ಈ ಮೂರರಿಂದ ಕೆಂಪು ತೆಗೆಯುವ ವಿದ್ಯೆಯನ್ನು ಒಂದು ಶಾಲೆಯಲ್ಲಾದರೂ ಮಕ್ಕಳಿಗೆ ಮಾಡಿ ತೋರಿಸಬಹುದಲ್ಲವೇ? ಖರ್ಚು ಏನೂ ಇಲ್ಲ. ಹೂವು ನಮ್ಮ ಹೊಲದಲ್ಲೇ ಇದೆ.